ಬ್ಯಾರನ್ನಿನ ಒಳಗೆ ಯಾರಿದ್ದರು

ದೆವ್ವ ಕಂಡೆ, ದನಿ ಕೇಳಿದೆ ಎನ್ನುವವರ ಮಾತನ್ನು ಮರ್ಯಾದೆಯಿಂದ ಕೇಳಿಸಿಕೊಂಡು, ಮನೆಗೆ ಬಂದು ನಗುತ್ತಿದ್ದವನು ನಾನು. ನನ್ನ ತಕರಾರು ದೆವ್ವದ ಬಗ್ಗೆ ಅಷ್ಟಿರಲಿಲ್ಲ, ಹೇಳುವ ರೀತಿಯ ಬಗ್ಗೆ ಇತ್ತು. ಅಂಥ ಕಥೆಗಳಲ್ಲಿ ನಾಯಿ ಸರಿಯಾದ ಹೊತ್ತಿಗೆ ಊಳಿಡುತ್ತದೆ, ಕರೆಂಟು ಸರಿಯಾದ ಹೊತ್ತಿಗೆ ಹೋಗುತ್ತದೆ, ಮಾರನೆಯ ಬೆಳಿಗ್ಗೆ ಯಾರೋ ಮುದುಕ ಬಂದು ಹಿಂದೆ ಅಲ್ಲೊಬ್ಬ ನೇಣು ಹಾಕಿಕೊಂಡಿದ್ದ ಎನ್ನುತ್ತಾನೆ. ನನ್ನ ನೆನಪುಗಳು ಯಾವತ್ತೂ ಹೀಗೆ ಬಂದು ಸಾಲಿನಲ್ಲಿ ನಿಂತಿಲ್ಲ. ನೆನಪು ಸಾಲಿನಲ್ಲಿ ನಿಂತಿದೆ ಅಂದರೆ ಯಾರೋ ಅದನ್ನು ತಳ್ಳಿ ನಿಲ್ಲಿಸಿದ್ದಾರೆ ಎಂದೇ ಲೆಕ್ಕ ಹಾಕುತ್ತಿದ್ದೆ.

ಈಗ ನಾನೇ ಒಂದನ್ನು ಹೇಳಬೇಕಾಗಿದೆ. ನಾಲ್ಕು ವರ್ಷದಲ್ಲಿ ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಓದಿ ನೋಡಿದಾಗ ನಾನು ಇರುವುದಕ್ಕಿಂತ ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಖಚಿತವಾಗಿರುವುದು ಒಂದೇ. ಆ ಮಧ್ಯಾಹ್ನ ತಮ್ಮಣ್ಣ ಎಂಬ ರೈತರು ತಮ್ಮ ಎಡಗಣ್ಣನ್ನು ಕಳೆದುಕೊಂಡರು. ಆ ಕಣ್ಣಿಗೆ ಬಿದ್ದ ಏಟು ನಮ್ಮಿಬ್ಬರಲ್ಲಿ ಒಬ್ಬನದು. ಯಾರದು ಎಂದು ನನಗೆ ಗೊತ್ತಿಲ್ಲ.

ಇಬ್ಬರು ಅಂದರೆ ನಾನು ಮತ್ತು ಮಹದೇವ. ಮಹದೇವ ನನ್ನ ಹಾಸ್ಟೆಲಿನ ಕಾಲದ ಗೆಳೆಯ, ಎಚ್.ಡಿ.ಕೋಟೆ ತಾಲ್ಲೂಕಿನ ಹಂಪಾಪುರದವನು. ಮೈಸೂರಿನಲ್ಲಿ ತಾವೇ ಬಿಯರ್ ಕಾಯಿಸಿ ಮಾರುವ ಒಂದು ಸಣ್ಣ ಜಾಗದಲ್ಲಿ ಅವನಿಗೆ ಬಿಯರ್ ಮಾಡುವ ಕೆಲಸ. ದೊಡ್ಡ ಕಂಪನಿಗಳ ಬಾಟಲಿಯ ಬಿಯರನ್ನು ಅವನು ನೀರು ಎಂದೇ ಕರೆಯುತ್ತಿದ್ದ. ನಮ್ಮ ನಾಲ್ಕು ತಾಲ್ಲೂಕಿನ ರುಚಿಯಿರುವ ಒಂದು ಬಿಯರ್ ಮಾಡಬೇಕು ಎನ್ನುವುದು ಆ ವರ್ಷ ಅವನಿಗೆ ಹತ್ತಿದ ಹುಚ್ಚು. ಕೋಟೆ ಕಡೆಯ ಮೊಳಕೆ ರಾಗಿ, ಕೆ.ಆರ್.ನಗರದ ಅಕ್ಕಿ, ಬೈಲಕುಪ್ಪೆಯ ಟಿಬೆಟನ್ನರು ಮನೆಯಲ್ಲಿ ಮಾಡುವ ಛಾಂಗ್ ಎಂಬ ಹೆಂಡದ ಹೆಪ್ಪು, ಎಲ್ಲಕ್ಕೂ ಮೇಲೆ ಹುಣಸೂರಿನ ಬಿಸಿ. ಮೊಳಕೆ ಬಂದ ರಾಗಿಯನ್ನು ಮಿಷಿನ್ನಿನಲ್ಲಿ ಒಣಗಿಸುವ ಬದಲು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಒಣಗಿಸಿದರೆ ಆ ವಾಸನೆ ಬಿಯರಿಗೆ ಇಳಿಯುತ್ತದೆ ಎನ್ನುವುದು ಅವನ ನಂಬಿಕೆ. ಇವನ್ನೆಲ್ಲ ಕೂಡಿಸಲು ಹೊರಡುವ ಒಂದು ದಿನದ ಸುತ್ತಾಟವನ್ನು ನಾನು ಒಂದು ಪತ್ರಿಕೆಗೆ ಬರೆಯುವವನಿದ್ದೆ. ಒಂದು ದಿನದಲ್ಲಿ ಏನು ಕುಡಿಯಬಹುದು, ದಾರಿಯಲ್ಲಿ ಏನು ನೋಡಬಹುದು ಎನ್ನುವಂಥ ಹಗುರವಾದ ಬರಹ.

ಸೆಪ್ಟೆಂಬರಿನ ಒಂದು ಶನಿವಾರ ಹೊರಟೆವು. ಕಾರು ಓಡಿಸಿದ್ದು ಮಹದೇವನ ಚಿಕ್ಕಪ್ಪನ ಮಗ ಕುಮಾರ. ಮಾದಪ್ಪನಿಗೆ ಹರಕೆ ಹೊತ್ತು ಕುಡಿತ ಬಿಟ್ಟಿದ್ದ ಅವನಿಗೆ ನಮ್ಮ ಯಾತ್ರೆಯ ಬಗ್ಗೆ ಕನಿಕರ. ಹಂಪಾಪುರದಲ್ಲಿ ಮಹದೇವನ ಅಕ್ಕ ಮೂರು ದಿನದಿಂದ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟಿದ್ದ ರಾಗಿಯನ್ನು ಕಾರಿನ ಡಿಕ್ಕಿಗೆ ಹಾಕಿಸಿ, ಸಂಜೆಯೊಳಗೆ ಒಣಗಿಸದೆ ಇದ್ದರೆ ಹುಳಿ ನಾರುತ್ತದೆ ಎಂದು ಎರಡು ಸಲ ಹೇಳಿದಳು. ಇಷ್ಟು ರಾಗಿಯಲ್ಲಿ ಹದಿನೈದು ಮಕ್ಕಳು ಬೆಳೆಯುತ್ತಿದ್ದವು, ನೀವು ಉಚ್ಚೆ ಹುಯ್ದು ಬಿಡ್ತೀರಿ ಎಂದೂ ಸೇರಿಸಿದಳು. ಕುಮಾರ ಅದನ್ನು ಹುಣಸೂರು ಬರುವವರೆಗೂ ನೆನೆನೆನೆದು ನಕ್ಕ.

ಹುಣಸೂರಿನಲ್ಲಿ ಒಂದು ವೈನ್ ಶಾಪಿನ ಮುಂದೆ ಇಬ್ಬರು ಹೊಡೆದಾಡುತ್ತಿದ್ದರು. ಬೆಳಗಿನ ಹತ್ತೂವರೆ. ಒಬ್ಬ ಕೆಳಗೆ ಬಿದ್ದಿದ್ದ, ಇನ್ನೊಬ್ಬ ಚಪ್ಪಲಿ ಕಾಲಿನಲ್ಲಿ ಅವನ ಪಕ್ಕೆಗೆ ಒದೆಯುತ್ತಿದ್ದ. ಸುತ್ತ ಹತ್ತಿಪ್ಪತ್ತು ಜನ. ಕಾರಿನ ಗಾಜು ಇಳಿಸಿ ನಾವೂ ನೋಡಿದೆವು. ಈಗ್ತಾನೆ ಪೂಜೆ ಸುರುವಾಗದೆ, ಮಂಗಳಾರತಿಗೆ ಇನ್ನೂ ಹೊತ್ತದೆ ಎಂದ ಕುಮಾರ. ನಾನು ನಕ್ಕು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಬಿದ್ದವನ ಬಾಯಿಂದ ರಕ್ತ ಬರುತ್ತಿತ್ತು ಎನ್ನುವುದನ್ನು ಬರೆದಿಲ್ಲ. ಈಗ ಆ ಪುಟ ತೆರೆದರೆ ಕುಮಾರನ ಜೋಕು ಮಾತ್ರ ಇದೆ.

ಬೈಲಕುಪ್ಪೆಯ ದೊಡ್ಡ ಮಠದಲ್ಲಿ ಎಲ್ಲರೂ ಚಿನ್ನದ ಬಣ್ಣದ ಬುದ್ಧರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರೆ ಮಹದೇವ ಗೋಡೆಯ ಮೇಲಿನ ಒಂದು ಚಿತ್ರದ ಮುಂದೆ ನಿಂತುಬಿಟ್ಟ. ಕೋಪದ ಮುಖದ ಒಂದು ದೇವತೆ, ಕೊರಳಲ್ಲಿ ತಲೆಗಳ ಸರ, ಕಾಲ ಕೆಳಗೆ ಒಬ್ಬ ಮನುಷ್ಯ. ಕಾಲ ಕೆಳಗಿದ್ದವನ ಮುಖ ಶಾಂತವಾಗಿತ್ತು. ತುಳಿಸಿಕೊಳ್ಳೋನೇ ಆರಾಮಾಗವ್ನಲ್ಲ ನೋಡ್ಲಾ ಎಂದ ಮಹದೇವ. ಆಮೇಲೆ ಅವನಿಗೆ ಪರಿಚಯವಿದ್ದ ಒಬ್ಬ ಟಿಬೆಟನ್ ಅಜ್ಜಿಯ ಮನೆಗೆ ಹೋದೆವು. ಅವರಲ್ಲಿ ಛಾಂಗ್ ಕೊಡುವುದಕ್ಕೆ ಒಂದು ಪದ್ಧತಿಯಿದೆ. ಒಂದು ಗುಟುಕು ಕುಡಿದರೆ ಬಟ್ಟಲನ್ನು ಮತ್ತೆ ತುಂಬುತ್ತಾರೆ. ಹೀಗೆ ಮೂರು ಸಲ ತುಂಬಿಸಿಕೊಂಡ ಮೇಲೆ ಬಟ್ಟಲನ್ನು ಪೂರಾ ಖಾಲಿ ಮಾಡಬೇಕು. ನಾನೊಂದು ಬಟ್ಟಲು ಕುಡಿದೆ, ಮಹದೇವ ಎರಡು. ಹುಳಿಯಾದ ಅಕ್ಕಿ ಗಂಜಿಗೆ ಸ್ವಲ್ಪ ಜೇನು ಬಿಟ್ಟ ಹಾಗಿತ್ತು. ಇದು ತಲೆಗೆ ಹತ್ತಲ್ಲ, ಕಾಲಿಗೆ ಹತ್ತುತ್ತೆ ಎಂದರು ಅಜ್ಜಿ, ನಮಗಿಂತ ಸೊಗಸಾದ ಪಿರಿಯಾಪಟ್ಟಣದ ಕನ್ನಡದಲ್ಲಿ. ಕುಡಿದಿದ್ದಿರಾ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳಿದ್ದಾರೆ. ಕುಡಿದಿದ್ದೆವು. ಇಲ್ಲಿ ಇಷ್ಟು, ಕೊನೆಗೆ ತಮ್ಮಣ್ಣನವರ ಹೊಲದಲ್ಲಿ ನಾನು ಅರ್ಧ ಬಾಟಲಿ ಬಿಯರ್. ನಡುವೆ ಪಿರಿಯಾಪಟ್ಟಣದಲ್ಲಿ ಹೊಟ್ಟೆ ತುಂಬ ಮುದ್ದೆ, ಮಟನ್ ಸಾರು ಉಂಡೆವು.

ಮೂರು ಗಂಟೆಯ ಹೊತ್ತಿಗೆ ಕಟ್ಟೆಮಳಲವಾಡಿ ದಾಟಿ ಒಂದು ಸಣ್ಣ ಊರಿಗೆ ಬಂದೆವು. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ತಮ್ಮಣ್ಣನವರ ಹೊಲ, ಹೊಲದ ಅಂಚಿಗೆ ಮನೆ, ಮನೆಯ ಹಿಂದೆ ಬ್ಯಾರನ್ನು. ರಾಗಿಯನ್ನು ಅಲ್ಲಿ ಒಣಗಲು ಹಾಕಿ ಚುಂಚನಕಟ್ಟೆಯ ಜಲಪಾತ ನೋಡಿ ಸಂಜೆ ವಾಪಸು ಬರುವುದು ನಮ್ಮ ಯೋಜನೆ.

ಬ್ಯಾರನ್ನು ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಎರಡಾಳೆತ್ತರದ, ಕಿಟಕಿಯಿಲ್ಲದ ಇಟ್ಟಿಗೆಯ ಕೋಣೆ. ಒಳಗೆ ಅಡ್ಡಡ್ಡ ಬಿದಿರ ಗಳ ಹಾಕಿ, ಹಸಿ ಎಲೆ ಕಟ್ಟಿದ ಕಡ್ಡಿಗಳನ್ನು ಮೇಲಿನಿಂದ ಕೆಳಗಿನವರೆಗೂ ಸಾಲಾಗಿ ತೂಗುಹಾಕಿರುತ್ತಾರೆ. ಹೊರಗಿನ ಒಲೆಗೆ ಸೌದೆ ಒಟ್ಟಿದರೆ ಅದರ ಶಾಖ ಕಬ್ಬಿಣದ ಕೊಳವೆಗಳಲ್ಲಿ ಒಳಗಿನ ನೆಲದ ಮೇಲೆ ಹರಿಯುತ್ತದೆ. ಐದಾರು ದಿನ, ಹಗಲು ರಾತ್ರಿ, ಶಾಖವನ್ನು ಹಂತ ಹಂತವಾಗಿ ಏರಿಸುತ್ತಾರೆ. ಕೊನೆಯ ದಿನ ನೂರ ಅರವತ್ತು ಡಿಗ್ರಿ ಫ್ಯಾರನ್‌ಹೀಟ್. ಆಗ ಎಲೆ ಒಣಗಿರುತ್ತದೆ, ಎಲೆಯ ನಡುವಿನ ದಂಟು ಇನ್ನೂ ಒಣಗಬೇಕಿರುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆರೆದು ತಣ್ಣನೆಯ ಗಾಳಿ ಒಳಗೆ ಹೋದರೆ ದಂಟಿನ ನೀರು ಎಲೆಗೆ ಮರಳಿ ಎಲೆ ಕಪ್ಪಾಗುತ್ತದೆ. ಇಡೀ ಬ್ಯಾರನ್ನು ಹೋಯಿತು. ಅದಕ್ಕೇ ಬಾಗಿಲಿನ ಸಂದುಗಳಿಗೆ ಮಣ್ಣು ಮೆತ್ತಿರುತ್ತಾರೆ. ಒಳಗಿನ ಥರ್ಮಾಮೀಟರನ್ನು ಬಾಗಿಲಲ್ಲಿರುವ ಅಂಗೈಯಗಲದ ಗಾಜಿನಿಂದ ನೋಡಬೇಕೇ ಹೊರತು ತೆರೆಯುವಂತಿಲ್ಲ.

ಮಹದೇವನಿಗೆ ಅವರು ಮೊದಲು ಹೇಳಿದ್ದ ಪ್ರಕಾರ ಅವತ್ತು ಬೆಳಿಗ್ಗೆಗೆ ಬೇಯುವುದು ಮುಗಿದಿರಬೇಕಿತ್ತು. ಆದರೆ ಹಿಂದಿನ ವಾರದ ಮಳೆಗೆ ಎಲೆ ದಪ್ಪವಾಗಿ, ದಂಟು ಒಣಗಲು ಇನ್ನೊಂದು ದಿನ ಬೇಕಾಗಿತ್ತು. ತಮ್ಮಣ್ಣನವರು ಫೋನು ಮಾಡಿ ಹೇಳಿರಲಿಲ್ಲ. ಬರೋರು ಬಂದು ಒಂದೊತ್ತು ಉಂಡ್ಕಂಡು ಹೋಗ್ಲಿ ಅಂತ ಸುಮ್ನಾದೆ ಎಂದು ನಕ್ಕರು. ಅರವತ್ತರ ಆಸುಪಾಸು, ಒಣಕಲು ದೇಹ, ಮೊಣಕೈವರೆಗೂ ಸುಟ್ಟ ಕಲೆಗಳು. ಮಹದೇವನಿಗೆ ನಗು ಬರಲಿಲ್ಲ. ಒಂದು ನಿಮಿಷ ಬಾಗಿಲು ಸಂದು ಮಾಡಿ, ಮೂಟೆ ಒಳಗೆ ತಳ್ಳಿ ಮುಚ್ಚಿಬಿಡೋಣ ಎಂದು ಬೇಡಿಕೊಂಡ. ನಿಮ್ಮ ಬೀರು ಆಮೇಲೆ ಸ್ವಾಮಿ, ನನ್ನ ಸೊಪ್ಪು ಮೊದ್ಲು ಎಂದರು ತಮ್ಮಣ್ಣ. ಮಹದೇವ ಐಸ್ ಡಬ್ಬದಿಂದ ತನ್ನ ಹೊಸ ಬಿಯರಿನ ಬಾಟಲಿಗಳನ್ನು ತೆಗೆದು ಒಂದನ್ನು ಅವರಿಗೆ ಕೊಟ್ಟ. ಅವರು ಒಂದು ಗುಟುಕು ಕುಡಿದು, ಹಳಸಿದ ಅಂಬಲಿಗೆ ಸೋಡಾ ಹಾಕಿದಂಗದೆ ಎಂದು ವಾಪಸು ಕೊಟ್ಟರು. ಮಹದೇವನ ಮುಖ ಕಪ್ಪಿಟ್ಟಿತು. ಅವನಿಗೆ ಬಾಗಿಲು ತೆರೆಸುವ ಮನಸ್ಸಿತ್ತು, ಮುಖಭಂಗವೂ ಆಗಿತ್ತು ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಮುಂದೆ ಆದದ್ದಕ್ಕೆ ಅಷ್ಟೇ ಕಾರಣ ಸಾಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಕೊನೆಗೆ ರಾಗಿಯನ್ನು ಬಿಸಿಲಿಗಾದರೂ ಹರವೋಣ ಎಂದು ಮಹದೇವ ಮತ್ತು ಕುಮಾರ ಕಾರಿನ ಕಡೆ ಹೋದರು. ದಾರಿ ಕೆಸರಾಗಿದ್ದರಿಂದ ಕಾರು ದೂರದಲ್ಲಿ ರಸ್ತೆಯಂಚಿಗೆ ನಿಂತಿತ್ತು. ತಮ್ಮಣ್ಣ ಒಲೆಗೆ ಸೌದೆ ನೂಕುತ್ತಿದ್ದರು. ಅವರ ಹೆಂಡತಿ ಜಯಮ್ಮ ಮನೆಯೊಳಗೆ ಕಾಫಿಗೆ ಇಟ್ಟಿದ್ದರು. ನಾನು ಬ್ಯಾರನ್ನಿನ ಹಿಂಗೋಡೆಗೆ ಒರಗಿ ಸೌದೆ ರಾಶಿಯ ಮೇಲೆ ಕೂತಿದ್ದೆ, ಕೈಯಲ್ಲಿ ಅರ್ಧ ಕುಡಿದ ಬಾಟಲಿ. ಗೋಡೆ ಜ್ವರ ಬಂದವರ ಬೆನ್ನಿನಷ್ಟು ಬೆಚ್ಚಗಿತ್ತು.

ಗೋಡೆಯ ಒಳಗಿನಿಂದ ಒಂದು ಸದ್ದು ಬಂತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ಅದರ ಹಿಂದೆಯೇ ಒಬ್ಬ ಮನುಷ್ಯನ ಉಸಿರು, ಹೊಟ್ಟೆಗೆ ಗುದ್ದಿದಾಗ ಬಾಯಿಂದ ಹೊರಬರುವಂಥದ್ದು. ಮತ್ತೆ ಬಡಿತ. ಮತ್ತೆ ಉಸಿರು. ನಾಲ್ಕನೆಯದೋ ಐದನೆಯದೋ ಏಟಿಗೆ ದನಿ ಬಂತು. 'ಸಾಕು, ಬುಡಿ' ಎಂದು ಕೇಳಿತು. ಅದು ಮಹದೇವನ ದನಿ. ಇಪ್ಪತ್ತೈದು ವರ್ಷದಿಂದ ಕೇಳಿದ ದನಿಯನ್ನು ಗುರುತಿಸಲು ನನಗೆ ಯೋಚಿಸಬೇಕಾಗಲಿಲ್ಲ.

ಒಲೆಯ ಹತ್ತಿರ ಓಡಿ ತಮ್ಮಣ್ಣನವರಿಗೆ ಹೇಳಿದೆ. ಅವರು ಎದ್ದು ಬಾಗಿಲ ಗಾಜಿಗೆ ಕಣ್ಣಿಟ್ಟು ಸುಮಾರು ಹೊತ್ತು ನೋಡಿದರು. ಕಡ್ಡಿ ಜಾರಿರಬೇಕು ಅಂದ್ಕಂಡೆ, ಏನೂ ಇಲ್ಲ ಎಂದರು. ಎಲೆ ಕಟ್ಟಿದ ಕಡ್ಡಿ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನು ಹೊತ್ತಿಕೊಳ್ಳುತ್ತದೆ, ಅವರ ಭಯ ಅದು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಹಾಗೆಂದು ನನ್ನ ನೆನಪು. ಆದರೆ ಈ ವಿವರವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ನಾನೂ ಗಾಜಿಗೆ ಕಣ್ಣಿಟ್ಟೆ. ಗಾಜು ಒಳಗಿನಿಂದ ಮಬ್ಬಾಗಿತ್ತು, ಯಾರೋ ತೀರ ಹತ್ತಿರ ಬಾಯಿಟ್ಟು ಉಸಿರು ಬಿಟ್ಟ ಹಾಗೆ. ಆ ಒಣ ಶಾಖದಲ್ಲಿ ಗಾಜಿಗೆ ಮಬ್ಬು ಕಟ್ಟಲು ಸಾಧ್ಯವಿಲ್ಲ ಎಂದು ಆಮೇಲೆ ನನಗೆ ಹೇಳಿದ್ದಾರೆ. ನೋಡುತ್ತಿದ್ದಂತೆ ಒಳಗೆ ಮತ್ತೆ ಏಟು ಬಿತ್ತು.

ಅಷ್ಟರಲ್ಲಿ ಮಹದೇವ ಹೊಲದ ಅಡ್ಡಕ್ಕೆ, ಕೆಸರು ಹಾರಿಸುತ್ತ, ನನ್ನ ಹೆಸರು ಕೂಗುತ್ತ ಓಡಿ ಬಂದ. ಇಲ್ಲೇ ಇದ್ದೀನಲ್ಲೋ ಎಂದೆ. ಅವನು ನನ್ನನ್ನು ನೋಡಲಿಲ್ಲ. ಸೌದೆ ರಾಶಿಯ ಪಕ್ಕ ಒರಗಿಸಿದ್ದ ಹಾರೆಯನ್ನು ಕಿತ್ತುಕೊಂಡು ನೇರ ಬಾಗಿಲಿಗೆ ಹೋದ. ಮಹದೇವ ಕಣ್ಣೆದುರು ಇದ್ದಾನೆ ಅಂದಮೇಲೆ ಒಳಗಿರುವುದು ಮಹದೇವ ಅಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಒಳಗೆ ಏಟು ನಿಂತಿರಲಿಲ್ಲ, ಅವನ ದನಿಯೂ ನಿಂತಿರಲಿಲ್ಲ. ಕಣ್ಣಿಗಿಂತ ಕಿವಿಯನ್ನು ನಂಬಿದೆ.

ತಮ್ಮಣ್ಣ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತರು. ಬಾಗ್ಲು ಮುಟ್ಟಬ್ಯಾಡಿ, ಸೊಪ್ಪು ಹೋಯ್ತದೆ ಎಂದರು. ಎರಡು ಸಲ ಹೇಳಿದರು, ಮೂರನೆಯ ಸಲ ಬೈದರು. ನಾನು ಅವರ ತೋಳು ಹಿಡಿದು ಎಳೆದೆ. ಅವರು ಒಂದು ಸೌದೆ ಎತ್ತಿ ನನ್ನ ಹೆಗಲಿಗೆ ಬೀಸಿದರು. ನೋವು ಹಲ್ಲಿನವರೆಗೂ ಹೋಯಿತು. ಮಹದೇವ ಹಾರೆಯ ತುದಿಯನ್ನು ಬಾಗಿಲ ಸಂದಿಗೆ ನೂಕಿದ್ದ, ತಮ್ಮಣ್ಣ ಅವನ ಕತ್ತಿಗೆ ಜೋತು ಬಿದ್ದರು. ಮೂವರೂ ಒಂದಾಗಿ ಗೋಡೆಗೆ ಅಪ್ಪಳಿಸಿದೆವು. ಆ ಹೊತ್ತಿನಲ್ಲಿ ನನಗೆ ಅನಿಸಿದ್ದನ್ನು ಅಲಂಕಾರವಿಲ್ಲದೆ ಹೇಳುತ್ತೇನೆ. ಈ ಮುದುಕ ಒಳಗೆ ಒಬ್ಬನನ್ನು ಕೊಲ್ಲಿಸುತ್ತಿದ್ದಾನೆ, ಇವನನ್ನು ಹೊಡೆದು ಹಾಕಬೇಕು ಎಂದು ಅನಿಸಿತು. ಅನಿಸಿಕೆ ತುಂಬ ಸ್ವಚ್ಛವಾಗಿತ್ತು. ಜೀವನದಲ್ಲಿ ಅಷ್ಟು ಸ್ವಚ್ಛವಾಗಿ ಏನೂ ಅನಿಸಿದ್ದಿಲ್ಲ.

ಆಮೇಲಿನದು ತುಂಡು ತುಂಡು. ಗಾಜು ಒಡೆದ ಸದ್ದು. ಎಳನೀರು ಕೆತ್ತಿದಾಗ ಬರುವಂಥ ಇನ್ನೊಂದು ಸದ್ದು. ತಮ್ಮಣ್ಣ ಮೊಣಕಾಲೂರಿ ಕೂತದ್ದು. ಕೂತವರಿಗೆ ಮತ್ತೆ ಏಟು ಬಿದ್ದದ್ದು, ಬಿದ್ದವರ ಪಕ್ಕೆಗೆ ಕಾಲು ಬೀಸಿ ಬಂದದ್ದು. ಕಾಲು ಯಾರದು ಎಂದು ಕಾಣುವುದಿಲ್ಲ. ಬಿಯರಿನ ವಾಸನೆ, ರಕ್ತದ ವಾಸನೆ. ಕೆಳಗಿನಿಂದ ಅವರು ಸಾಕು, ಬುಡಿ ಎಂದರು. ಗೋಡೆಯೊಳಗೆ ಕೇಳಿದ ಅದೇ ಮಾತು. ಇಷ್ಟು ಸರಿಯಾಗಿ ಹೊಂದುವುದನ್ನು ನಾನೇ ನಂಬುವುದಿಲ್ಲ. ಮೊದಲು ಕೇಳಿದ್ದು ಬೇರೆ ಮಾತಾಗಿದ್ದು, ಆಮೇಲೆ ಇದನ್ನು ತೆಗೆದು ನಾನೇ ಆ ದನಿಯ ಬಾಯಿಗೆ ಹಾಕಿರಬಹುದು. ಹೊಡೆಸಿಕೊಳ್ಳುವವರು ಇನ್ನೇನು ಹೇಳುತ್ತಾರೆ ಎಂದೂ ಕೇಳಬಹುದು.

ಬಾಗಿಲು ಕಿತ್ತು ಬಂತು. ಶಾಖ ಮುಖಕ್ಕೆ ಹೊಡೆದು ಇಬ್ಬರೂ ಹಿಂದಕ್ಕೆ ಬಿದ್ದೆವು. ಒಳಗೆ ನಿಂಬೆ ಹಣ್ಣಿನ ಬಣ್ಣದ ಎಲೆಗಳು, ಸಾಲುಸಾಲು, ಅಲುಗಾಡದೆ. ಕೆಳಗೆ ಕೊಳವೆ, ಕೊಳವೆಯ ಸುತ್ತ ಮರಳು. ಮರಳಿನ ಮೇಲೆ ಹೆಜ್ಜೆಯಿರಲಿಲ್ಲ. ಒಂದು ಕಡ್ಡಿಯೂ ಜಾರಿರಲಿಲ್ಲ.

ಕೂಗು ಕೇಳಿ ಜಯಮ್ಮ ಓಡಿ ಬಂದರು. ಮೊದಲು ಬಾಗಿಲ ಹತ್ತಿರ ಹೋಗಿ ಅದನ್ನು ಎತ್ತಿ ಮತ್ತೆ ಚೌಕಟ್ಟಿಗೆ ಆನಿಸಿ, ಮುಚ್ಚಿ, ಆಮೇಲೆ ಗಂಡನ ಹತ್ತಿರ ಬಂದರು. ಇದನ್ನು ಕೇಳಿದವರು ಒಂದು ಥರ ನಗುತ್ತಾರೆ. ಐದು ದಿನ ನಿದ್ದೆಗೆಟ್ಟು ಒಲೆ ಕಾದವರು ನಗುವುದಿಲ್ಲ. ಅವರು ಮುಚ್ಚಿದ್ದರಿಂದ ಏನೂ ಉಳಿಯಲಿಲ್ಲ. ಎಲೆಯೆಲ್ಲ ಕಪ್ಪಾಯಿತು.

ತಮ್ಮಣ್ಣನವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು, ತಲೆ ಜಯಮ್ಮನ ತೊಡೆಯ ಮೇಲೆ. ಅವರ ಕಾಲುಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಕುಮಾರ ಹಾರ್ನಿನಿಂದ ಕೈ ತೆಗೆಯಲಿಲ್ಲ. ಮುಂದೆ ಕೂತಿದ್ದ ಮಹದೇವ ಹುಣಸೂರು ಬರುವ ಹೊತ್ತಿಗೆ ಒಂದೇ ಒಂದು ಸಲ ಹಿಂದೆ ತಿರುಗಿದ.

"ನೀನು ಒಳಗಿದ್ದೆ ಕಣ್ಲಾ," ಎಂದ. "ಕಾರಿನತಾವ ನಿಂತಿದ್ದೋನಿಗೆ ಕಿವಿ ಪಕ್ಕದಲ್ಲೇ ಕೇಳ್ತು. ನಿನ್ನ ಸಾಯ ಬಡೀತಾವ್ರೆ, ನೀನು ನನ್ನ ಹೆಸರಿಡಿದು ಕೂಗ್ತಿದ್ದೀಯ."

ನಾನು ಕೇಳಿದ್ದು ಅವನ ದನಿ ಎಂದು ಆಗ ಹೇಳಿದೆ. ಅವನು ಮುಂದಕ್ಕೆ ತಿರುಗಿಕೊಂಡ. ಅವನ ಪಕ್ಕದಲ್ಲೇ ರಾಗಿ ಇಳಿಸುತ್ತಿದ್ದ ಕುಮಾರನಿಗೆ ಏನೂ ಕೇಳಿಸಿರಲಿಲ್ಲ. ಕುಮಾರ ಬಂದು ನೋಡುವಾಗ ಒಡೆದ ಬಾಟಲಿಯ ಕತ್ತು ನನ್ನ ಕೈಯಲ್ಲಿತ್ತಂತೆ, ಹಾರೆ ಮಹದೇವನ ಕೈಯಲ್ಲಿತ್ತಂತೆ. ಕಣ್ಣು ಹೋದದ್ದು ಗಾಜಿನಿಂದಲೋ ಕಬ್ಬಿಣದಿಂದಲೋ ಎಂದು ಡಾಕ್ಟರು ಹೇಳಲಿಲ್ಲ. ನಾವೂ ಕೇಳಲಿಲ್ಲ. ನನ್ನ ಬಲ ಅಂಗೈಗೆ ಐದು ಹೊಲಿಗೆ ಬಿತ್ತು. ಮಹದೇವನ ಬಲ ಅಂಗೈಗೂ ಗಾಜು ಕೊಯ್ದಿತ್ತು. ಅದು ಹೇಗೆ ಎಂದು ಅವನಿಗೂ ಗೊತ್ತಿಲ್ಲ.

ಹುಣಸೂರಿನಿಂದ ಮೈಸೂರಿಗೆ ಕಳಿಸಿದರು. ಪೊಲೀಸರು ಬಂದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ, ಕರೆದಾಗ ಹೋಗಿ ಹೇಳಬೇಕಾದ್ದನ್ನು ಯೋಚಿಸುತ್ತ ಕೂತಿದ್ದೆವು. ಕರೆಯಲೇ ಇಲ್ಲ. ಸೌದೆ ರಾಶಿ ಕುಸಿದು ಮೇಲೆ ಬಿತ್ತು ಎಂದು ತಮ್ಮಣ್ಣ ಬರೆಸಿದ್ದರು. ಜಯಮ್ಮ ಹೌದು ಅಂದಿದ್ದರು. ನಮಗೆ ಇದರಿಂದ ಆದ ನೆಮ್ಮದಿಯನ್ನು ನಾನು ಹಿಂದಿನ ಮೂರು ಬರಹಗಳಲ್ಲೂ ಬಿಟ್ಟಿದ್ದೆ. ಮಹದೇವ ಬೆಂಚಿನ ಮೇಲೆ ಕೂತಲ್ಲೇ ಅತ್ತ. ನಾನು ಹೋಗಿ ಟೀ ಕುಡಿದು ಬಂದೆ. ಕಾರಿನಲ್ಲಿ ಉಳಿದ ರಾಗಿ ಮೂರು ದಿನಕ್ಕೆ ಕೊಳೆತು ನಾರಿತು, ಕುಮಾರ ಅದನ್ನು ಎಲ್ಲೋ ಚೆಲ್ಲಿದ.

ಮನಸ್ಸಿನ ಡಾಕ್ಟರೊಬ್ಬರಿಗೆ ಇದನ್ನು ಹೇಳಿದೆ. ನನ್ನ ಹಳೆಯ ಕಥೆಗಳನ್ನೆಲ್ಲ ಕೆದಕಿ ಅವರು ಒಂದನ್ನು ಎತ್ತಿದರು. ಹಾಸ್ಟೆಲಿನಲ್ಲಿ ಒಂದು ಸಂಜೆ ಸೀನಿಯರುಗಳು ಮಹದೇವನನ್ನು ಒಂದು ರೂಮಿನಲ್ಲಿ ಕೂಡಿ ಹಾಕಿ ಬೆಲ್ಟಿನಲ್ಲಿ ಹೊಡೆದಿದ್ದರು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೆ, ಬಾಗಿಲು ತಟ್ಟಿರಲಿಲ್ಲ. ಅದೇ ನೋಡಿ, ಇಷ್ಟು ವರ್ಷ ಆದಮೇಲೆ ಆ ಬಾಗಿಲನ್ನು ಒಡೆದಿರಿ ಎಂದರು ಡಾಕ್ಟರು. ನನಗೂ ಈ ವಿವರಣೆ ಬಹಳ ಹಿಡಿಸಿತು. ಹಿಡಿಸಿದ್ದರಿಂದಲೇ ಅನುಮಾನ ಬಂತು. ಇದು ನನ್ನ ಕಿವಿಗೆ ಸರಿ. ಮಹದೇವನಿಗೆ ನನ್ನ ದನಿ ಯಾಕೆ ಕೇಳಿಸಬೇಕು? ನನ್ನನ್ನು ಯಾರೂ ಯಾವ ರೂಮಿನಲ್ಲೂ ಹೊಡೆದಿಲ್ಲ. ಅಲ್ಲದೆ ಈ ವಿವರಣೆಯಲ್ಲಿ ತಮ್ಮಣ್ಣನವರಿಗೆ ಜಾಗವೇ ಇಲ್ಲ. ಗೆಳೆಯರಿಬ್ಬರ ಹಳೆಯ ಲೆಕ್ಕ ಚುಕ್ತಾ ಆಗುವಾಗ ಮಧ್ಯೆ ನಿಂತ ಬಾಗಿಲು, ಅಷ್ಟೇ ಅವರು.

ಜನವರಿಯಲ್ಲಿ ಒಬ್ಬನೇ ಅವರ ಮನೆಗೆ ಹೋದೆ. ಮಹದೇವ ಬರಲಿಲ್ಲ. ಅವನೂ ನಾನೂ ಆಗಲೇ ಫೋನು ಮಾಡುವುದನ್ನು ಕಡಿಮೆ ಮಾಡಿದ್ದೆವು. ತಮ್ಮಣ್ಣ ಜಗುಲಿಯ ಮೇಲೆ ಕೂತು ಎಲೆ ಬೇರ್ಪಡಿಸುತ್ತಿದ್ದರು. ಅದು ಆಮೇಲೆ ಬೇಯಿಸಿದ ಎಲೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಉಳಿದ ಒಂದು ಕಣ್ಣಿನಿಂದ ನೋಡಿ, ಬಣ್ಣದ ಪ್ರಕಾರ ಮೂರು ರಾಶಿಗೆ ಹಾಕುತ್ತಿದ್ದರು. ಎಡಗಣ್ಣಿನ ಜಾಗದಲ್ಲಿ ರೆಪ್ಪೆ ಹೊಲಿದಂತೆ ಮುಚ್ಚಿತ್ತು. ಜಯಮ್ಮ ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಆ ದಿನ ನಮ್ಮನ್ನು ನೀವು, ಸ್ವಾಮಿ ಎನ್ನುತ್ತಿದ್ದ ತಮ್ಮಣ್ಣ ಈಗ ನನ್ನನ್ನು ನೀನು ಅಂದರು. ಅದರಲ್ಲಿ ಏನು ಓದಿಕೊಳ್ಳಬೇಕು ಎಂದು ಇವತ್ತಿಗೂ ತಿಳಿದಿಲ್ಲ.

ಸುಮಾರು ಹೊತ್ತು ಮಳೆ, ಸೌದೆ ಎಂದು ಮಾತಾಡಿದೆವು. ಪೊಲೀಸರಿಗೆ ಹಾಗೇಕೆ ಹೇಳಿದಿರಿ ಎಂದು ಕೊನೆಗೆ ಕೇಳಿದೆ. ಅವರು, ಅದಿರ್ಲಿ, ಅವತ್ತು ನಿಂಗೇನು ಕೇಳ್ತು ಹೇಳು ಎಂದರು. ಮಹದೇವನ ದನಿ ಎಂದೆ. ಮಹದೇವನಿಗೆ ನನ್ನದು ಕೇಳಿತಂತೆ ಎಂದೂ ಹೇಳಿದೆ. ಅವರು ತಲೆಯಾಡಿಸಿ, ಕೈಯಲ್ಲಿದ್ದ ಎಲೆಯನ್ನು ತೊಡೆಯ ಮೇಲಿಟ್ಟು ನೀವಿದರು.

"ನಂಗೂ ಕೇಳ್ತು ಕಣಪ್ಪ. ನೀನು ಬಂದು ಹೇಳಕ್ಕೆ ಮುಂಚೇನೇ ಕೇಳ್ತು. ಗಾಜಿನಲ್ಲಿ ನೋಡಿ ಏನೂ ಇಲ್ಲ ಅಂದ್ನಲ್ಲ, ಆಗ್ಲೂ ಕೇಳ್ತಾನೇ ಇತ್ತು. ನಂದೇ ದನಿ. ಒಳಗೆ ಯಾರೋ ನನ್ನ ಬಡೀತಾವ್ರೆ, ನಾನು ಬುಡಿ ಬುಡಿ ಅಂತಾ ಇವ್ನಿ. ಮೊದ್ಲು ಎದೆ ಜಲ್ ಅಂತು. ಆಮೇಲ್ ನಂದೇ ಅಂತ ಗೊತ್ತಾಯ್ತಲ್ಲ, ಸಮಾಧಾನ ಆಯ್ತು. ನಾನು ಈಚೆ ನಿಂತಿವ್ನಿ. ಅಂದ್ಮೇಲೆ ಒಳಗೆ ಯಾರೂ ಇಲ್ಲ. ಇನ್ನ ಬಾಗ್ಲು ತೆಗ್ದು ಸೊಪ್ಪು ಯಾಕ್ ಕೆಡಿಸ್ಲಿ?"

ಅವರು ಇನ್ನೊಂದು ಎಲೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಎಲೆಯ ಮೇಲಿಂದ ಕಣ್ಣು ಕೀಳದೆ ಕೇಳಿದರು.

"ಯಾರ ಕೈ ಅಂತ ಕೇಳಕ್ಕೆ ಬಂದ್ಯಾ?"

ಅದಕ್ಕೇ ಬಂದಿದ್ದೆ. ಮೈಸೂರಿನಿಂದ ಅಲ್ಲಿಯವರೆಗೂ ಬೇರೆ ಏನನ್ನೂ ಯೋಚಿಸಿರಲಿಲ್ಲ. ಇಲ್ಲ, ಕಣ್ಣು ಹೇಗಿದೆ ಅಂತ ನೋಡಿ ಹೋಗಲು ಬಂದೆ ಎಂದೆ.

ಸರಿ ಬುಡು ಎಂದರು.

ಮೂವರಿಗೆ ಮೂರು ದನಿ ಕೇಳಿತು, ಪೆಟ್ಟು ತಿಂದದ್ದು ಒಬ್ಬರು. ಒಳಗೆ ಯಾರಿದ್ದರು ಎನ್ನುವುದನ್ನು ನಾನು ಯಾರನ್ನು ಕೇಳಬೇಕೋ ಗೊತ್ತಿಲ್ಲ, ಅದಕ್ಕೆ ನನ್ನಲ್ಲಿ ವಿವರಣೆಯೂ ಇಲ್ಲ. ಹೊರಗೆ ಹೊಡೆದವರು ಯಾರು ಎನ್ನುವುದನ್ನು ಯಾರನ್ನು ಕೇಳಬೇಕು ಎಂದು ಚೆನ್ನಾಗಿ ಗೊತ್ತಿದೆ. ಆಮೇಲೆ ಎಷ್ಟೋ ಸಲ ಕೆ.ಆರ್.ನಗರಕ್ಕೆ ಆ ದಾರಿಯಲ್ಲೇ ಹೋಗಿದ್ದೇನೆ, ಅವರ ಹೊಲದ ತಿರುವಿನಲ್ಲಿ ನಿಧಾನವಾಗುತ್ತೇನೆ. ಒಂದೆರಡು ಸಲ ಅವರು ಜಗುಲಿಯ ಮೇಲೆ ಕೂತದ್ದು ಕಂಡಿದೆ. ನಾನು ಇನ್ನೂ ಇಳಿದು ಕೇಳಿಲ್ಲ.